ಭಾಂಡುಪಿನ ಮಳೆಗೆ ಒಗ್ಗುವ ವಿದೇಶಿ ಗೆಡ್ಡೆ ಹೂಗಳು

ಮುಂಬಯಿಯ ಮಧ್ಯ ರೈಲ್ವೆ ಮಾರ್ಗದಲ್ಲಿ ಕಾಂಜೂರ್‌ಮಾರ್ಗ್ ಮತ್ತು ನಾಹೂರ್ ನಿಲ್ದಾಣಗಳ ನಡುವೆ ಬರುವ ಭಾಂಡುಪ್, ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳೂ ಪೂರ್ವಕ್ಕೆ ಥಾಣೆ ಖಾಡಿಯ ಉಪ್ಪಿನ ಆಗರಗಳೂ ಒತ್ತಿಕೊಂಡಿರುವ ಜಾಗದಲ್ಲಿ ಬೆಳೆದ ಉಪನಗರ. ಇಲ್ಲಿನ ಬಹುಪಾಲು ಮನೆಗಳಿಗೆ ಹೂತೋಟವೆಂದರೆ ಕಿಟಕಿಯ ಗ್ರಿಲ್, ಬಾಲ್ಕನಿ, ಚಾಳಿನ ಮುಂದಿನ ಕಟ್ಟೆ, ಹೆಚ್ಚೆಂದರೆ ಸೊಸೈಟಿಯ ಕಾಂಪೌಂಡಿಗೆ ತಾಗಿದ ಒಂದು ಪಟ್ಟಿ ಮಣ್ಣು. ಕಡಿಮೆ ಜಾಗ ಬೇಡುವ, ವರ್ಷದ ಕೆಲವು ತಿಂಗಳು ಕುಂಡವನ್ನು ಮೂಲೆಗಿಟ್ಟರೂ ಸಾಯದ ಗೆಡ್ಡೆ ಗಿಡಗಳು ಇಂಥ ಮನೆಗಳಿಗೆ ಹೇಳಿ ಮಾಡಿಸಿದಂತಿವೆ. ಆದರೂ ಪೊಟ್ಟಣದ ಮೇಲಿನ ಚಿತ್ರವನ್ನಷ್ಟೇ ನೋಡಿ ಕೊಂಡವರಿಗೆ ಎರಡನೆಯ ವರ್ಷ ಬರಿಯ ಎಲೆ ಕಾಣುವುದು, ಇಲ್ಲವೇ ಅದೂ ಕಾಣದಿರುವುದು ಸಾಮಾನ್ಯ. ಏಕೆಂದರೆ ಗೆಡ್ಡೆಯೊಂದು ಇಲ್ಲಿ ನೆಲೆಯೂರುವುದೋ ಇಲ್ಲವೋ ಎಂಬುದು ಅದರ ತವರಿನಲ್ಲಿ ಮಳೆ ಯಾವಾಗ ಬೀಳುತ್ತದೆ, ಚಳಿ ಎಷ್ಟಿರುತ್ತದೆ ಎಂಬುದನ್ನು ಅವಲಂಬಿಸಿದೆಯೇ ಹೊರತು ಅದರ ಬೆಲೆಯನ್ನಲ್ಲ.

ಗೆಡ್ಡೆ ಎಂದು ಒಟ್ಟಾಗಿ ಕರೆಯುವ ಭಾಗಗಳು ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಅಲ್ಲ. ಈರುಳ್ಳಿಯಂತೆ ಪದರ ಪದರವಾಗಿರುವುದು ಬಲ್ಬ್. ಅದರ ತಳದ ಚಪ್ಪಟೆ ಭಾಗವೇ ಕಾಂಡ, ಮೇಲಿನ ಪದರಗಳು ಆಹಾರ ತುಂಬಿಕೊಂಡು ದಪ್ಪವಾದ ಎಲೆಬುಡಗಳು. ಗ್ಲಾಡಿಯೋಲಸ್‌ನಲ್ಲಿ ಪದರಗಳಿಲ್ಲದೆ ಕಾಂಡವೇ ಊದಿಕೊಂಡಿರುತ್ತದೆ, ಇದಕ್ಕೆ ಕಾರ್ಮ್ ಎಂದು ಹೆಸರು; ಡೇಲಿಯದಲ್ಲಿ ಊದಿಕೊಳ್ಳುವುದು ಬೇರು; ಕಾಬಾಳೆಯಲ್ಲಿ ನೆಲದೊಳಗೆ ಅಡ್ಡಡ್ಡ ಹರಿಯುವ ಕಾಂಡ. ಹುಟ್ಟಿದ ನೆಲದ ಬರವನ್ನೋ ಹಿಮವನ್ನೋ ದಾಟಲು ಗಿಡ ಮಾಡಿಕೊಂಡ ಈ ಉಗ್ರಾಣ ತುಂಬುವುದು ಎಲೆಗಳಿಂದ. ಹೂ ಬಾಡಿದೊಡನೆ, ಅಂದಗೆಟ್ಟಿತೆಂದು ಹಸಿರೆಲೆಗಳನ್ನು ಕತ್ತರಿಸಿ ಹಾಕುವವರು ಮರುವರ್ಷದ ಹೂವನ್ನೇ ಕತ್ತರಿಸಿದಂತಾಗುತ್ತದೆ.

ಮುಂಬಯಿಗೆ ಮುಂಗಾರು ಜೂನ್ ಎರಡನೆಯ ವಾರದ ಹೊತ್ತಿಗೆ ಬಂದು ಅಕ್ಟೋಬರ್ ಮೊದಲ ಭಾಗದಲ್ಲಿ ಹಿಂದೆ ಸರಿಯುತ್ತದೆ. ಈ ನಾಲ್ಕು ತಿಂಗಳಲ್ಲಿ ಉಪನಗರಗಳಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಉಳಿದ ಎಂಟು ತಿಂಗಳು ಬಹುಮಟ್ಟಿಗೆ ಒಣಗಿಯೇ ಕಳೆಯುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದದ್ದು ಅತಿರೇಕದ ಮಾತಾಯಿತು, ಆದರೆ ವಾರಗಟ್ಟಲೆ ಬಿಡದೆ ಹೊಯ್ಯುವ ಮಳೆ ಪ್ರತಿವರ್ಷದ ವಾಸ್ತವ. ಚಳಿಗಾಲದ ರಾತ್ರಿಯಲ್ಲೂ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಅಪರೂಪ. ಉಡುಪಿ, ದಕ್ಷಿಣ ಕನ್ನಡಗಳಿಂದ ಬಂದು ಮುಂಬಯಿಯ ಉಪನಗರಗಳಲ್ಲಿ ನೆಲೆಸಿದ ಕನ್ನಡ, ತುಳು ಕುಟುಂಬಗಳಿಗೆ ಇಂಥ ಹವೆ ಅಪರಿಚಿತವಲ್ಲ. ಊರಿನ ಅಂಗಳದಲ್ಲಿ ಬರುವ ಗೆಡ್ಡೆ ಹೆಚ್ಚುಕಡಿಮೆ ಇಲ್ಲಿಯೂ ಬರುತ್ತದೆ. ವ್ಯತ್ಯಾಸವೆಂದರೆ, ಕರಾವಳಿಯಲ್ಲಿ ಅಕ್ಟೋಬರ್ ಕಳೆದ ಮೇಲೂ ಆಗಾಗ ಗುಡುಗು ಮಳೆ ಬರುವುದರಿಂದ ಅಲ್ಲಿ ಗೆಡ್ಡೆಯ ವಿಶ್ರಾಂತಿ ತಡವಾಗಿ ಆರಂಭವಾಗುತ್ತದೆ, ಭಾಂಡುಪಿನಲ್ಲಿ ಬೇಗ.

ಬೇಸಿಗೆಯಲ್ಲೇ ಮಳೆ ಬೀಳುವ, ಚಳಿಗಾಲ ಒಣಗಿರುವ ಪ್ರದೇಶಗಳಿಂದ ಬಂದ ಗೆಡ್ಡೆಗಳಿಗೆ ಈ ಋತುಚಕ್ರ ತಮ್ಮದೇ ಎನ್ನುವಷ್ಟು ಹೊಂದುತ್ತದೆ. ಇವುಗಳಲ್ಲಿ ಮೊದಲು ಹೇಳಬೇಕಾದದ್ದು ಆಫ್ರಿಕಾ ಮೂಲದ ಸ್ಕಾಡಾಕ್ಸಸ್, ಅಂದರೆ ಫುಟ್‌ಬಾಲ್ ಲಿಲಿ ಅಥವಾ ಮೇ ಫ್ಲವರ್ ಎಂದು ನರ್ಸರಿಗಳಲ್ಲಿ ಮಾರುವ ಗಿಡ. ಚಳಿಗಾಲದುದ್ದಕ್ಕೂ ಎಲೆಯಿಲ್ಲದೆ ಮಲಗಿದ್ದ ಗೆಡ್ಡೆಯಿಂದ ಮಳೆಗೆ ಮುನ್ನ, ಸೆಖೆ ಏರಿದಾಗ, ಬೋಳು ದಂಟೊಂದು ಎದ್ದು ನೂರಕ್ಕೂ ಮೀರಿದ ಕೆಂಪು ಕಿರುಹೂಗಳ ಚೆಂಡನ್ನು ಹೊರುತ್ತದೆ. ಎಲೆಗಳು ದಂಟಿನ ಜೊತೆಗೋ ಅದರ ಹಿಂದೆಯೋ ಬಂದು ಮಳೆಗಾಲವಿಡೀ ಆಹಾರ ಕೂಡಿಡುತ್ತವೆ. ಹೂವಿನ ಆಯಸ್ಸು ಒಂದೆರಡು ವಾರ ಮಾತ್ರ. ಗೆಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕಿರುವಂತೆ ನೆಟ್ಟು, ಮೂರು ನಾಲ್ಕು ವರ್ಷ ಕುಂಡವನ್ನು ಕದಲಿಸದಿದ್ದರೆ ಸಾಕು, ಇದು ಬೇರೇನನ್ನೂ ಬೇಡುವುದಿಲ್ಲ. ಮೇಲಿಂದ ಮೇಲೆ ಅಗೆದು ನೋಡುವ ಕುತೂಹಲವೇ ಇದಕ್ಕೆ ಆಗದು. ಅಮೆರಿಕ ಖಂಡಗಳಿಂದ ಬಂದ ಮಳೆ ಲಿಲಿ (ಜೆಫಿರಾಂಥಸ್) ಅದಕ್ಕಿಂತಲೂ ಸುಲಭ. ಒಣಗಿದ ಮಣ್ಣು ಒಮ್ಮೆ ಚೆನ್ನಾಗಿ ತೊಯ್ದ ಮೂರು ನಾಲ್ಕು ದಿನಗಳಲ್ಲಿ ಗುಲಾಬಿ, ಬಿಳಿ, ಹಳದಿ ಹೂಗಳನ್ನು ಒಟ್ಟಿಗೆ ಅರಳಿಸುವ ಈ ಪುಟ್ಟ ಗಿಡ, ಗ್ರಿಲ್ಲಿನಲ್ಲಿಟ್ಟ ಆರಂಗುಲದ ಕುಂಡದಲ್ಲೂ ಹಿಂಡುಗಟ್ಟಿ ಬೆಳೆಯುತ್ತದೆ. ಗಿಡವನ್ನು ಎರಡು ಮೂರು ವಾರ ಒಣಗಲು ಬಿಟ್ಟು ಮತ್ತೆ ನೀರುಣಿಸಿದರೆ ಮಳೆಯಿಲ್ಲದ ಕಾಲದಲ್ಲೂ ಅದು ಬಹುಮಟ್ಟಿಗೆ ಹೂ ಕೊಡುತ್ತದೆ.

ಅಂಗಡಿಗಳು ಅಮರಿಲ್ಲಿಸ್ ಎಂದು ಮಾರುವ ದೊಡ್ಡ ಗಂಟೆ ಹೂವಿನ ಗಿಡ ವಾಸ್ತವವಾಗಿ ದಕ್ಷಿಣ ಅಮೆರಿಕದ ಹಿಪ್ಪಿಯಾಸ್ಟ್ರಮ್. ಇದರ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿದರೆ, ಪದರಗಳ ನಡುವೆ ಈ ವರ್ಷ ಹೊರಡಬೇಕಾದ ಮೊಗ್ಗಷ್ಟೇ ಅಲ್ಲದೆ, ಅದಕ್ಕಿಂತ ಒಳಗೆ ಮುಂದಿನ ಹಂಗಾಮಿನ ಮೊಗ್ಗೂ ಎಳೆಯದಾಗಿ ಅಡಗಿರುವುದು ಕಾಣುತ್ತದೆ. ಸುಮಾರು ನಾಲ್ಕು ಎಲೆಗಳಿಗೊಂದರಂತೆ ಹೂದಂಟು ಹುಟ್ಟುವುದರಿಂದ, ಎಲೆ ಹೆಚ್ಚಿದಷ್ಟೂ ಹೂವಿನ ಭರವಸೆ ಹೆಚ್ಚು. ಕೊಳ್ಳುವಾಗ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಕುತ್ತಿಗೆಯೂ ತಳವೂ ಗಟ್ಟಿಯಾಗಿವೆಯೇ ಎಂದು ಪರೀಕ್ಷಿಸಬೇಕು. ಮೆತ್ತಗಿದ್ದರೆ ಒಳಗೆ ಕೊಳೆತ ಆರಂಭವಾಗಿದೆಯೆಂದೇ ಅರ್ಥ. ಗೆಡ್ಡೆಯ ಸುತ್ತ ಎರಡು ಬೆರಳಿನಷ್ಟೇ ಜಾಗ ಉಳಿಯುವ ಕುಂಡ ಆರಿಸಿ, ತಳದಲ್ಲಿ ಇಟ್ಟಿಗೆ ಚೂರು ಹಾಸಿ, ಕೆಂಪು ಮಣ್ಣು, ದಪ್ಪ ಮರಳು, ಎರೆಗೊಬ್ಬರಗಳನ್ನು ಸಮಪಾಲು ಬೆರೆಸಿ ತುಂಬಿ, ಗೆಡ್ಡೆಯ ಮೇಲಿನ ಮೂರನೆಯ ಒಂದು ಭಾಗ ಹೊರಗಿರುವಂತೆ ನೆಡಬೇಕು. ಕೊಕೊಪೀಟನ್ನು ಹಗುರವೆಂಬ ಕಾರಣಕ್ಕೆ ಧಾರಾಳವಾಗಿ ಸೇರಿಸುವ ರೂಢಿ ನಗರದಲ್ಲಿದೆ. ತೇವವನ್ನು ಬಿಡದೆ ಹಿಡಿದಿಡುವ ಈ ನಾರಿನ ಪುಡಿ ಬೇಸಿಗೆಯಲ್ಲಿ ಉಪಕಾರಿಯಾದರೂ ಜುಲೈ ತಿಂಗಳಲ್ಲಿ ಗೆಡ್ಡೆಗೆ ಶತ್ರು. ನವೆಂಬರ್‌ನಿಂದ ನೀರು ಕಡಿಮೆ ಮಾಡುತ್ತ ಬಂದು, ಎರಡು ತಿಂಗಳು ಒಣಗಿಸಿ, ಫೆಬ್ರುವರಿಯಲ್ಲಿ ಬಿಸಿಲಿಗಿಟ್ಟು ನೀರು ಕೊಡಲಾರಂಭಿಸಿದರೆ ಬೇಸಿಗೆಯ ಮೊದಲಲ್ಲಿ ಹೂದಂಟು ಏಳುತ್ತದೆ.

ದಾದರಿನ ಹೂ ಮಾರುಕಟ್ಟೆಯಲ್ಲಿ ನಿಶಿಗಂಧವೆಂದೂ ಕನ್ನಡಿಗರ ಮನೆಗಳಲ್ಲಿ ಸುಗಂಧರಾಜವೆಂದೂ ಕರೆಯಿಸಿಕೊಳ್ಳುವ ಹೂ ಕೂಡ ಮೆಕ್ಸಿಕೋದಿಂದ ಬಂದದ್ದು ಎಂಬುದನ್ನು ಅದನ್ನು ದೇವರಿಗೆ ಏರಿಸುವವರಲ್ಲಿ ಬಹಳ ಮಂದಿ ನೆನೆಯುವುದಿಲ್ಲ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರಲ್ಲಿ ಶೃಂಗಾರ್, ಪ್ರಜ್ವಲ್, ಸುವಾಸಿನಿ, ವೈಭವ್ ಮೊದಲಾದ ತಳಿಗಳನ್ನು ರೂಪಿಸಿದೆ. ಒಂಟಿ ಸುತ್ತಿನ ಶೃಂಗಾರ್, ಪ್ರಜ್ವಲ್‌ಗಳು ಹಾರಕ್ಕೂ ಸುತ್ತು ಹೆಚ್ಚಿರುವ ಸುವಾಸಿನಿ, ವೈಭವ್‌ಗಳು ಹೂದಾನಿಗೂ ಒದಗುತ್ತವೆ. ಮಾರ್ಚ್‌ನಿಂದ ಮೇ ಒಳಗೆ ನೆಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಹೂ ಸಿಗುತ್ತದೆ, ಆದರೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಂತಿರುವ ಕಡೆಗಳಲ್ಲಿ ಈ ಷರತ್ತನ್ನು ಪೂರೈಸುವ ಕಿಟಕಿ ಎಲ್ಲರಿಗೂ ಇರುವುದಿಲ್ಲ. ಬಿಸಿಲು ಕಡಿಮೆಯಿರುವವರು ಎಲೆಯ ಬಣ್ಣಕ್ಕಾಗಿಯೇ ಬೆಳೆಸುವ ಕೆಲೇಡಿಯಮ್ಮನ್ನು ಆರಿಸಿಕೊಳ್ಳುವುದು ಮೇಲು.

ಟ್ಯೂಲಿಪ್, ಡ್ಯಾಫೊಡಿಲ್, ಹಯಸಿಂತ್‌ಗಳ ಸಂಗತಿ ಬೇರೆ. ಮಧ್ಯ ಏಷ್ಯಾದ ಚಳಿಗೆ ಹೊಂದಿಕೊಂಡ ಟ್ಯೂಲಿಪ್ ಗೆಡ್ಡೆಗೆ ಸರಿಯಾಗಿ ದಂಟು ಬೆಳೆಸಲು ಹನ್ನೆರಡರಿಂದ ಹದಿನಾರು ವಾರ 9 ಡಿಗ್ರಿಗಿಂತ ಕಡಿಮೆ ಉಷ್ಣಾಂಶ ಬೇಕು. 2007ರಲ್ಲಿ ಶ್ರೀನಗರದಲ್ಲಿ ದಾಲ್ ಸರೋವರದ ಬಳಿ ತೆರೆದ ಟ್ಯೂಲಿಪ್ ತೋಟಕ್ಕೆ ಪ್ರಕೃತಿಯೇ ಒದಗಿಸುವ ಈ ಚಳಿಯನ್ನು ಭಾಂಡುಪಿನಲ್ಲಿ ಒದಗಿಸಬಲ್ಲದ್ದು ಫ್ರಿಜ್ಜಿನ ತರಕಾರಿ ಡಬ್ಬಿ ಮಾತ್ರ. ಅಲ್ಲಿಯೂ ಬಾಳೆಹಣ್ಣು, ಸೇಬುಗಳ ಜೊತೆ ಇಡುವಂತಿಲ್ಲ, ಏಕೆಂದರೆ ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಇಷ್ಟೆಲ್ಲ ಮಾಡಿ ಜನವರಿಯಲ್ಲಿ ಒಮ್ಮೆ ಹೂ ಕಂಡರೂ ಆ ಗೆಡ್ಡೆ ಎರಡನೆಯ ಬಾರಿ ಹೂ ಬಿಡುವ ಸಂಭವ ತೀರ ಕಡಿಮೆಯಾದ್ದರಿಂದ, ಇದನ್ನು ತೋಟಗಾರಿಕೆ ಎನ್ನುವುದಕ್ಕಿಂತ ದುಬಾರಿ ಹವ್ಯಾಸ ಎನ್ನುವುದೇ ಸರಿ. ಮಲೆನಾಡಿನ ಅಂಗಳಗಳಲ್ಲಿ ಮಳೆಗಾಲದಲ್ಲೇ ಅರಳುವ ಡೇರೆ, ಅಂದರೆ ಡೇಲಿಯ, ಮೆಕ್ಸಿಕೋದ ಎತ್ತರದ ಪ್ರದೇಶದ್ದು. ರಾತ್ರಿಯ ತಂಪಿಲ್ಲದ ಮುಂಬಯಿಯಲ್ಲಿ ಅದನ್ನು ಮಳೆ ನಿಂತ ಮೇಲೆ ನೆಟ್ಟು ಚಳಿಗಾಲದ ಗಿಡವಾಗಿ ಬೆಳೆಸಬೇಕಾಗುತ್ತದೆ.

ಒಗ್ಗುವ ಗೆಡ್ಡೆಗಳಿಗೂ ಮಳೆಗಾಲದಲ್ಲಿ ಎರಡು ಅಪಾಯಗಳಿವೆ. ಒಂದು ಕೊಳೆ: ಕುಂಡದಡಿಯ ತಟ್ಟೆಯಲ್ಲಿ ನೀರು ನಿಂತರೆ ಬೇರಿಗೆ ಗಾಳಿಯಿಲ್ಲದಾಗಿ, ಬ್ಯಾಕ್ಟೀರಿಯಾ ಹೊಕ್ಕು, ಗೆಡ್ಡೆ ಲೋಳೆಯಾಗಿ ನಾರತೊಡಗುತ್ತದೆ; ಆದ್ದರಿಂದ ಜೂನ್ ಬರುವ ಮೊದಲೇ ತಟ್ಟೆಗಳನ್ನು ತೆಗೆದು, ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತರಿಸಿಡಬೇಕು. ಮತ್ತೊಂದು ಲಿಲಿ ಪತಂಗದ ಮರಿ, ಕಪ್ಪು ಮೈಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳಿರುವ ಕಂಬಳಿಹುಳು. ಎಲೆಯ ತುದಿಯಿಂದ ತಿನ್ನುತ್ತ ಬಂದು ಕುತ್ತಿಗೆಯನ್ನೇ ಕೊರೆಯುವ ಈ ಹುಳುಗಳು ಗುಂಪಾಗಿ ಬಂದರೆ ಕೆಲವೇ ದಿನಗಳಲ್ಲಿ ಗಿಡ ಬೋಳಾಗುತ್ತದೆ. ಬೆಳಗ್ಗೆಯೂ ಸಂಜೆಯೂ ಎಲೆಯ ಹಿಂಬದಿ ನೋಡಿ, ಮೊಟ್ಟೆಯ ಗುಂಪುಗಳನ್ನು ಒರೆಸಿ, ಹುಳುಗಳನ್ನು ಆರಿಸಿ ಸಾಬೂನು ನೀರಿಗೆ ಹಾಕುವುದಕ್ಕಿಂತ ಉತ್ತಮ ಔಷಧವಿಲ್ಲ, ಏಕೆಂದರೆ ಬೇವಿನ ಎಣ್ಣೆ ಸಿಂಪಡಿಸಿದರೂ ಮುಂದಿನ ಮಳೆ ಅದನ್ನು ತೊಳೆದುಬಿಡುತ್ತದೆ. ಹಿಪ್ಪಿಯಾಸ್ಟ್ರಮ್, ಸ್ಕಾಡಾಕ್ಸಸ್, ಮಳೆ ಲಿಲಿ ಮೂರರ ಗೆಡ್ಡೆಗಳೂ ವಿಷಕಾರಿಯಾದ್ದರಿಂದ, ನೋಟಕ್ಕೆ ಈರುಳ್ಳಿಯಂತಿರುವ ಅವನ್ನು ಅಡುಗೆಮನೆಯ ಬುಟ್ಟಿಯಿಂದಲೂ ಮಕ್ಕಳಿಂದಲೂ ದೂರವಿಡಬೇಕು.

ಕೊಲ್ಲಿ ನಾಡುಗಳಿಂದಲೋ ಯೂರೋಪಿನಿಂದಲೋ ಬರುವ ಬಂಧುಗಳು ಸೂಟ್‌ಕೇಸಿನಲ್ಲಿ ಗೆಡ್ಡೆ ತರುವುದು ಸರಳ ಉಡುಗೊರೆಯಂತೆ ಕಂಡರೂ, 2003ರ ಸಸ್ಯ ಸಂಪರ್ಕ ನಿಷೇಧ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಮೂಲದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರಗಳಿಲ್ಲದೆ ಅದು ನಿಯಮಬಾಹಿರ. ಗೆಡ್ಡೆಯ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜಂತುಹುಳುಗಳು ಬರಬಲ್ಲವು ಎಂಬುದೇ ಇದಕ್ಕೆ ಕಾರಣ. ಭಾಂಡುಪಿನ ಹಿಂದಿನ ಗುಡ್ಡಗಳಿಂದ ಕಾಡುಗೆಡ್ಡೆ ಅಗೆದು ತರುವುದಕ್ಕೂ ಅದು ರಾಷ್ಟ್ರೀಯ ಉದ್ಯಾನವಾದ್ದರಿಂದ ಕಾನೂನಿನ ತಡೆಯಿದೆ. ಆ ಗುಡ್ಡಸಾಲಿನ ಇನ್ನೊಂದು ಮಗ್ಗುಲಿನ ಬೋರಿವಲಿಯ ಹೆಸರನ್ನೇ ಅಂಥದೊಂದು ಕಾಡುಗೆಡ್ಡೆಯಾದ ಸಫೇದ್ ಮುಸ್ಲಿಯ ವೈಜ್ಞಾನಿಕ ಹೆಸರು, ಕ್ಲೋರೋಫೈಟಮ್ ಬೋರಿವಿಲಿಯಾನಮ್, ಹೊತ್ತಿದೆ. ಮಳೆಗಾಲದಲ್ಲಿ ಬೇಲಿಗಳ ಮೇಲೆ ಹಬ್ಬುವ ಗೌರಿ ಹೂವನ್ನಂತೂ ನೆದರ್ಲೆಂಡ್ಸಿನ ಗಾಜುಮನೆಗಳಲ್ಲಿ ವಿದೇಶಿ ಹೂವೆಂದು ಬೆಳೆಸಿ ಮಾರುತ್ತಾರೆ. ನರ್ಸರಿಯ ಗೆಡ್ಡೆಯಿಂದ ಅದನ್ನು ಬಾಲ್ಕನಿಯಲ್ಲೂ ಬೆಳೆಸಬಹುದು, ಅದರ ಗೆಡ್ಡೆಯೂ ಕಡುವಿಷವೆಂಬ ಎಚ್ಚರದೊಂದಿಗೆ.

ಒಮ್ಮೆ ನೆಲೆಯೂರಿದ ಗೆಡ್ಡೆಗಳನ್ನು ಮತ್ತೆ ಕೊಳ್ಳಬೇಕಾಗಿಲ್ಲ. ಸುಗಂಧರಾಜದಲ್ಲಿ ಹೂ ಕೊಟ್ಟ ತಾಯಿಗೆಡ್ಡೆ ಸೊರಗಿ ಸುತ್ತಲೂ ಮರಿಗಳನ್ನು ಬಿಟ್ಟುಹೋಗುವುದರಿಂದ, ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹಿಂಡನ್ನು ಕಿತ್ತು, ಒಂದು ವಾರ ನೆರಳಲ್ಲಿ ಒಣಗಿಸಿ, ದಪ್ಪನಾದವನ್ನಷ್ಟೇ ಆರಿಸಿ ನೆಡಬೇಕು. ಹಿಪ್ಪಿಯಾಸ್ಟ್ರಮ್ ಮರಿಗಳನ್ನು ತಮ್ಮದೇ ಬೇರು ಬರುವವರೆಗೆ ತಾಯಿಯಿಂದ ಬೇರ್ಪಡಿಸಬಾರದು. ಅದರ ಕಾಯಿ ಒಡೆದಾಗ ಸಿಗುವ, ಕಾಗದದಷ್ಟು ತೆಳುವಾದ ಕಪ್ಪು ಬೀಜಗಳನ್ನು ಒಣಗಲು ಬಿಡದೆ ಒಡನೆ ಬಿತ್ತಿದರೆ ಕೆಲವೇ ವಾರಗಳಲ್ಲಿ ಮೊಳೆಯುತ್ತವೆ, ಆದರೆ ಹೂವಿಗೆ ಮೂರು ವರ್ಷವಾದರೂ ಕಾಯಬೇಕು. ಆ ಅವಧಿಯಲ್ಲಿ ಎಳೆಯ ಗಿಡಗಳಿಗೆ ವಿಶ್ರಾಂತಿ ಕೊಡದೆ, ಎಲೆ ಉಳಿದಿರುವಷ್ಟೂ ಕಾಲ ಹಿತಮಿತವಾಗಿ ನೀರುಣಿಸುತ್ತಿರಬೇಕು.