ಕೆಲಸ ಹಚ್ಚಿಕೊಂಡವರ ದಣಿವು

1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಹಗಲೆಲ್ಲ ತಮ್ಮ ರೋಗಿಗಳನ್ನು ನೋಡಿ, ಸಂಜೆಯಾದರೆ ಬಡವರ ಉಚಿತ ಚಿಕಿತ್ಸಾಲಯಕ್ಕೆ ಹೋಗಿ ರಾತ್ರಿಯವರೆಗೂ ದುಡಿಯುತ್ತಿದ್ದರು. ಮನೆಯವರೊಂದಿಗೆ ಪ್ರವಾಸ ಹೊರಡಬೇಕಾದ ದಿನ ಅವರಿಗೆ ಹಾಸಿಗೆಯಿಂದ ಏಳಲೇ ಆಗಲಿಲ್ಲ. ತಮ್ಮ ಅವಸ್ಥೆಯನ್ನು ಟೇಪ್ ರೆಕಾರ್ಡರ್ ಮುಂದೆ ಹೇಳಿಕೊಂಡು, ಬೇರೆ ಯಾರೋ ರೋಗಿಯ ಮಾತೆಂಬಂತೆ ಕೂತು ಕೇಳಿಸಿಕೊಂಡರು. 1974ರ ಅವರ ಲೇಖನದಿಂದ ‘ಬರ್ನೌಟ್’, ಅಂದರೆ ಕೆಲಸದಿಂದ ಬಸವಳಿದು ಹೋಗುವ ಸ್ಥಿತಿ, ಮನೋವಿಜ್ಞಾನದ ಚರ್ಚೆಗೆ ಬಂತು. ಅವರು ಕಂಡಂತೆ ಹೀಗೆ ಬಸವಳಿದವರು ಮೈಗಳ್ಳರಲ್ಲ, ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡವರು.

ಇದನ್ನು ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಪ್ರಕಟಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು: ಮನಸ್ಸು ಬತ್ತಿಹೋಗುವ ದಣಿವು, ಎದುರಿಗಿರುವವರ ಬಗ್ಗೆ ತಾತ್ಸಾರ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟಪಡಿಸಿದಂತೆ ಇದು ಕಾಯಿಲೆಯಲ್ಲ; ನಿಭಾಯಿಸದೆ ಉಳಿದ ಕೆಲಸದ ಒತ್ತಡದ ಫಲ.

ಹಾಗಾದರೆ ಹುಮ್ಮಸ್ಸು ಎಲ್ಲಿ ಸೋರಿಹೋಗುತ್ತದೆ? ನೆದರ್ಲೆಂಡ್ಸ್‌ನ ವಿಲ್ಮಾರ್ ಷೌಫೆಲಿ ಮತ್ತು ಸಂಗಡಿಗರು ಕೆಲಸದಲ್ಲಿನ ತೊಡಗುವಿಕೆಯನ್ನು ಚೈತನ್ಯ, ನಿಷ್ಠೆ, ತನ್ಮಯತೆ ಎಂದು ಬಿಡಿಸಿದರು. 2001ರಲ್ಲಿ ಅವರೂ ಸೇರಿ ಮಂಡಿಸಿದ ಮಾದರಿಯ ಪ್ರಕಾರ, ಕೆಲಸದ ಹೊರೆ ಏರಿದಷ್ಟೂ ದಣಿವು ಹೆಚ್ಚುತ್ತದೆ. ಆಸರೆ ತಗ್ಗಿದಷ್ಟೂ ಕೆಲಸದಿಂದ ಮನಸ್ಸು ದೂರವಾಗುತ್ತದೆ. ತನ್ನ ಕೆಲಸವನ್ನು ತಾನೇ ನಿರ್ಧರಿಸುವ ಅವಕಾಶ, ಮೇಲಧಿಕಾರಿಯ ಬೆಂಬಲ, ಮಾಡಿದ್ದಕ್ಕೆ ಒಂದು ಒಳ್ಳೆಯ ಮಾತು, ಇವೇ ಆ ಆಸರೆ.

ಆತಂಕ ಈ ದಣಿವಿನೊಳಗೆ ಮೆಲ್ಲಗೆ ಸೇರಿಕೊಳ್ಳುತ್ತದೆ. ರಾತ್ರಿ ಹತ್ತಕ್ಕೆ ಟೀಮಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅರ್ಜೆಂಟ್’ ಎಂಬ ಸಂದೇಶ ಬಂದರೆ ಊಟದ ತಟ್ಟೆ ಅಲ್ಲೇ ಉಳಿಯುತ್ತದೆ, ಕೈ ಫೋನಿಗೆ ಹೋಗುತ್ತದೆ. ಸಂದೇಶ ಬಾರದ ದಿನವೂ ಕಿವಿ ಅತ್ತಲೇ. ನಿದ್ದೆ ಕೆಟ್ಟವರು ಮರುದಿನ ತಪ್ಪು ಮಾಡುತ್ತಾರೆ, ತಪ್ಪಿನ ಭಯ ಇನ್ನಷ್ಟು ಆತಂಕ ತರುತ್ತದೆ. ಖಿನ್ನತೆ, ಆತಂಕಗಳಿಂದ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

2024ರಲ್ಲಿ ಕರ್ನಾಟಕದ ಐಟಿ ವಲಯದಲ್ಲಿ ದಿನಕ್ಕೆ 14 ತಾಸು ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘ ಬಲವಾಗಿ ವಿರೋಧಿಸಿತು. ಅದು ನ್ಯಾಯವಾದ ಸಿಟ್ಟು. ಬಳಲಿದವರಿಗೆ ಯೋಗ ಶಿಬಿರ ಏರ್ಪಡಿಸಿ, ಹೊರೆಯನ್ನು ಹಾಗೇ ಬಿಟ್ಟರೆ ಪ್ರಯೋಜನ ಕಡಿಮೆ. ಕೆಲಸದ ಹಂಚಿಕೆ ಬದಲಾಗಬೇಕು, ಮ್ಯಾನೇಜರುಗಳಿಗೆ ತರಬೇತಿ ಸಿಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಮ್ಯಾನೇಜರುಗಳ ತರಬೇತಿಗೆ ಒತ್ತು ಕೊಡುತ್ತದೆ. ಈಗಲೇ ಯಾರೊಂದಿಗಾದರೂ ಮಾತಾಡಬೇಕೆನಿಸಿದವರು 14416ಕ್ಕೆ ಕರೆ ಮಾಡಿದರೆ, ‘ಟೆಲಿ ಮಾನಸ್’ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಆಪ್ತ ಸಮಾಲೋಚನೆ ಉಚಿತವಾಗಿ ಸಿಗುತ್ತದೆ.