ಜೋಗುಳವನ್ನು ಬ್ಯಾಂಡಿಗೆ ಕೂರಿಸುವುದು

ಮಗು ಮಲಗಿಸಲು ಒಬ್ಬರು ಮೆಲ್ಲಗೆ ಹಾಡುವ ಹಾಡನ್ನು ನಲವತ್ತು ಜನ ಊದಿದರೆ ಮಗು ಮಲಗೀತೇ? ತಮಾಷೆಯ ಪ್ರಶ್ನೆ ಅನಿಸಬಹುದು. ಆದರೆ ಬ್ಯಾಂಡಿಗೆ ಜೋಗುಳ ಬರೆಯುವವರಿಗೆ ಮೊದಲು ಎದುರಾಗುವುದು ಇದೇ.

ಐರ್ಲೆಂಡಿನ ಹಳೆಯ ಜೋಗುಳವೆಂದು ಜಗತ್ತೆಲ್ಲ ನಂಬಿರುವ 'ಟೂ-ರಾ-ಲೂ-ರಾ-ಲೂ-ರಲ್' ನಿಜವಾಗಿ ಹಳೆಯದಲ್ಲ. ಅಮೆರಿಕದ ಜೇಮ್ಸ್ ರಾಯ್ಸ್ ಶಾನನ್ 1913ರಲ್ಲಿ ಅದನ್ನು ರಂಗಭೂಮಿಗಾಗಿ ಬರೆದರು. 1944ರ ಸಿನಿಮಾದಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ಮೇಲೆ ಮನೆಮಾತಾಯಿತು. ಹಳೆಯ ಧಾಟಿಯಲ್ಲಿ ಹೊಸದನ್ನು ಕಟ್ಟಬಹುದು ಎಂಬುದಕ್ಕೆ ಇದು ಸಾಕ್ಷಿ.

ನಮಗೆ ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆಯಲ್ಲಿ ಸಿಗುವ ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇದ್ದವು. ಈಗ ಪೊಲೀಸ್ ಇಲಾಖೆಯವರು ನಡೆಸುತ್ತಾರೆ, ದಸರಾದಲ್ಲಿ ಕೇಳಿರುತ್ತೀರಿ. ನಾಲ್ವಡಿಯವರ ಕಾಲದಲ್ಲಿ ಜರ್ಮನಿಯ ಓಟ್ಟೊ ಶ್ಮಿಟ್ ಪಾಶ್ಚಾತ್ಯ ವಾದ್ಯಗಾರರನ್ನು ನಡೆಸುತ್ತಿದ್ದರು. ಅದೇ ಆಸ್ಥಾನದ ವೀಣೆ ವೆಂಕಟಗಿರಿಯಪ್ಪನವರು 'ನಗ್ಮಾ' ಎಂಬ ರಚನೆಗಳನ್ನು ಮಾಡಿದರು. ನಗ್ಮಾ ಎಂದರೆ ನಮ್ಮ ಉರ್ದುವಿನಲ್ಲಿ ಹಾಡು, ಇಂಪಾದ ರಾಗ. ಆ ಹೆಸರು ನೋಡಿ ನನಗೆ ಬಹಳ ಖುಷಿಯಾಯಿತು.

ಈಗ ಕೆಲಸಕ್ಕೆ ಬರೋಣ. ಬ್ಯಾಂಡಿನಲ್ಲಿ ಎಲ್ಲರ 'ಸಿ' ಒಂದೇ ಅಲ್ಲ. ಕ್ಲಾರಿನೆಟ್ಟಿನವರು 'ಸಿ' ನೋಡಿ ಊದಿದರೆ ಕೇಳುವುದು ಬಿ-ಫ್ಲಾಟ್, ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಇ-ಫ್ಲಾಟ್. ಕೊಳಲಿಗೆ ಮಾತ್ರ ಬರೆದದ್ದೇ ಕೇಳುತ್ತದೆ. ರಿಯಾಲ್, ದಿರ್ಹಮ್, ರೂಪಾಯಿ ಮೂರರಲ್ಲೂ ಬಂದ ಹಣವನ್ನು ಒಂದೇ ಲೆಕ್ಕಕ್ಕೆ ತರುವ ಹಾಗೆ: ಬಿ-ಫ್ಲಾಟಿನ ಹಾಡನ್ನು ಕ್ಲಾರಿನೆಟ್ಟಿಗೆ ಸಿ ಎಂದೂ ಆಲ್ಟೊಗೆ ಜಿ ಎಂದೂ ಬರೆದುಕೊಡಬೇಕು. ನಮ್ಮ ಕಾಮರ್ಸಿನವರಿಗೆ ಇದು ಕಷ್ಟವಾಗಬಾರದು!

ಹಾಡನ್ನು ಮೊದಲು ಟ್ರಂಪೆಟ್ಟಿಗೆ ಕೊಡಬೇಡಿ. ಕ್ಲಾರಿನೆಟ್ಟಿನ ಕೆಳಗಿನ ಸ್ವರಗಳಲ್ಲಿ, ಇಲ್ಲವೇ ಯೂಫೋನಿಯಂನಲ್ಲಿ ಅಮ್ಮನ ದನಿಯ ಬಿಸುಪು ಇದೆ. ಪರ್ಸಿ ಗ್ರೇಂಜರ್ ಐರ್ಲೆಂಡಿನ ಡೆರಿ ಸೀಮೆಯ ಧಾಟಿಯೊಂದನ್ನು ಬ್ಯಾಂಡಿಗೆ ಬರೆದಾಗ ರಾಗವನ್ನು ಕೆಳಗಿನ ದನಿಗಳಲ್ಲೇ ಶುರು ಮಾಡಿದರು. ಟ್ಯೂಬಾ ತಂಬೂರಿಯಂತೆ ಸ-ಪ ಹಿಡಿದರೆ ಸಾಕು. ತೂಗುವ ಲಯಕ್ಕೆ ಆರರ ಎಣಿಕೆ ಒಪ್ಪುತ್ತದೆ. ಡ್ರಮ್ಮಿನವರು ಸುಮ್ಮನಿರಲಿ. ಉಸಿರು ಎಲ್ಲರೂ ಒಂದೇ ಕಡೆ ತೆಗೆದುಕೊಂಡರೆ ತೊಟ್ಟಿಲು ಗಕ್ಕನೆ ನಿಂತಂತಾಗುತ್ತದೆ, ಸರದಿಯ ಮೇಲೆ ತೆಗೆದುಕೊಳ್ಳಬೇಕು.

ನೀಲಾಂಬರಿಯಂಥ ರಾಗದ ಗಮಕ ಮಾತ್ರ ಕೀಲಿ ಒತ್ತುವ ವಾದ್ಯಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಟ್ರಾಂಬೋನ್ ಜಾರಬಲ್ಲದು, ಆದರೆ ಹೆಚ್ಚಾದರೆ ನಗೆಪಾಟಲು.

ಇದಕ್ಕಿಂತ ದೊಡ್ಡ ತೊಡಕು ಮನೆಯಲ್ಲಿದೆ. ನಮ್ಮ ನಾನಿ ಹೇಳುವ ದಖನಿ ಲೋರಿ ಒಂದು ದಿನ ಇದ್ದಂತೆ ಮರುದಿನ ಇರುವುದಿಲ್ಲ. ಪಕ್ಕದ ಮನೆ ಅಜ್ಜಿಯ ಜೋಗುಳವೂ ಹಾಗೇ. ಬ್ಯಾಂಡಿಗೆ ಬರೆಯಬೇಕೆಂದರೆ ಒಂದನ್ನೇ ಆರಿಸಬೇಕು, ಉಳಿದವು ಕಾಗದಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಅವರು ಹಾಡಿದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸ್ವರ ಬರೆಯುವುದು ಆಮೇಲೆ.

ಕೊನೆಯಲ್ಲಿ ಒಬ್ಬೊಬ್ಬರಾಗಿ ವಾದ್ಯ ಇಳಿಸಲಿ. ಒಂದೇ ಕ್ಲಾರಿನೆಟ್ ಉಳಿಯಲಿ.