ಎದುರಾಳಿಯೂ ನೆರೆಯವನೇ

ಕ್ರೈಸ್ತ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಪ್ರಾರ್ಥನಾ ಮಂದಿರದ ಪಕ್ಕದಲ್ಲೇ ಆಟದ ಬಯಲು ಇರುವುದು ಎಷ್ಟು ಸಹಜವಾಗಿ ಕಾಣುತ್ತದೆಯೆಂದರೆ, ಇವೆರಡರ ನಡುವಣ ಬಿಗುವು ಇಂದಿಗೂ ಪೂರ್ತಿ ಸಡಿಲಗೊಂಡಿಲ್ಲ ಎಂಬುದು ಮರೆತೇಹೋಗುತ್ತದೆ. ನೆರೆಯವನನ್ನು ಪ್ರೀತಿಸಲು ಕಲಿಸುವ ಧರ್ಮವು, ಎದುರಿಗಿರುವವನನ್ನು ಸೋಲಿಸುವುದೇ ಗುರಿಯಾದ ಸ್ಪರ್ಧೆಯನ್ನು ಹೇಗೆ ತನ್ನದಾಗಿಸಿಕೊಳ್ಳಬೇಕು ಎಂಬುದೇ ಆ ಬಿಗುವಿನ ತಿರುಳು. ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಓಟಗಾರರ ಮತ್ತು ಮುಷ್ಟಿಕಾಳಗದವರ ಶಿಸ್ತನ್ನು ವಿಶ್ವಾಸಿಯ ಬಾಳಿಗೆ ಹೋಲಿಸಿದ್ದುಂಟು. ಊರಿನ ಹತ್ತಿರದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತಮಸ್ ಕ್ರೀಡಾಕೂಟ ನೋಡುತ್ತಿದ್ದವರಿಗೆ ಆ ಹೋಲಿಕೆ ಕೂಡಲೇ ಮನಸ್ಸಿಗೆ ನಾಟಿರಬೇಕು. ಆದರೆ ಪೌಲನು ಎತ್ತಿಹಿಡಿದದ್ದು ಓಟಗಾರನ ಸಂಯಮವನ್ನೇ ಹೊರತು, ಗೆದ್ದವನ ತಲೆಯ ಮೇಲೆ ಬಾಡಿಹೋಗುವ ಎಲೆಯ ಕಿರೀಟವನ್ನಲ್ಲ.

ಶಾಲೆಯ ಆಟವೂ ಧರ್ಮಶಿಕ್ಷಣವೂ ಇಂದಿನ ರೂಪದಲ್ಲಿ ಬೆಸೆದುಕೊಂಡದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ. ಮೈಕಸುವು, ಧೈರ್ಯ, ತಂಡದ ಮೇಲಿನ ನಿಷ್ಠೆ ಇವು ಧಾರ್ಮಿಕ ಗುಣಗಳೇ ಎಂದು ಎಣಿಸಿದ ಈ ಧೋರಣೆಗೆ 1857ರ ಹೊತ್ತಿಗೆ 'ಸ್ನಾಯುಬಲದ ಕ್ರೈಸ್ತಧರ್ಮ' ಎಂಬ ಹೆಸರು ಬಂದಿತ್ತು. ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯ ಥಾಮಸ್ ಅರ್ನಾಲ್ಡ್ ಇದರ ಮೂಲಪುರುಷರೆಂಬ ಮಾತು ರೂಢಿಯಲ್ಲಿದ್ದರೂ ಅವರಿಗೆ ಆಟಗಳಲ್ಲಿ ಹೇಳಿಕೊಳ್ಳುವಂಥ ಆಸಕ್ತಿ ಇರಲಿಲ್ಲ. ಅದನ್ನು ಕೈಗೂಡಿಸಿದವರಲ್ಲಿ ಮುಖ್ಯರು, ಅದೇ ಶಾಲೆಯಲ್ಲಿ ಅವರ ಕೈಕೆಳಗೆ ಅಧ್ಯಾಪಕರಾಗಿದ್ದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ವಿದ್ಯಾರ್ಥಿಗಳು 1851ರಲ್ಲಿ ದಂಗೆಯೆದ್ದಿದ್ದ ಮಾರ್ಲ್‌ಬರೋ ಕಾಲೇಜಿನ ಹೊಣೆಯನ್ನು ಮರುವರ್ಷ ಹೊತ್ತ ಕಾಟನ್, ಬಿಡುವಿನ ವೇಳೆಯಲ್ಲಿ ಸುತ್ತಲ ಸೀಮೆಯಲ್ಲಿ ಅಲೆಯುತ್ತಿದ್ದ ಹುಡುಗರನ್ನು ಕ್ರಿಕೆಟ್ ಮತ್ತು ಫುಟ್‌ಬಾಲ್ ತಂಡಗಳಾಗಿ ಕಟ್ಟಿ ಬಯಲಿಗೆ ಕರೆತಂದರು. ಮುಂದೆ 1858ರಲ್ಲಿ ಕಲ್ಕತ್ತೆಯ ಬಿಷಪ್ಪರಾಗಿ ಬಂದ ಇವರ ಹೆಸರನ್ನೇ ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆ ಹೊತ್ತಿದೆಯಾದ್ದರಿಂದ, ಈ ಇತಿಹಾಸದ ಒಂದು ಎಳೆ ಕನ್ನಡ ನಾಡಿನಲ್ಲೂ ಹಾದುಹೋಗುತ್ತದೆ. ಕಾಟನ್ನರ ಸುಧಾರಣೆ ಬೆಲೆಯುಳ್ಳದ್ದೇ. ಆದರೂ ಅಲ್ಲಿ ಆಟವು ಮೊದಲು ಬಂದದ್ದು ಹುಡುಗರನ್ನು ಹತೋಟಿಯಲ್ಲಿಡುವ ಸಾಧನವಾಗಿ ಎಂಬುದನ್ನು ಮರೆಯಬಾರದು, ಏಕೆಂದರೆ ಮುಂದಿನ ತಲೆಮಾರಿನ ಇಂಥ ಶಾಲೆಗಳಲ್ಲಿ ಆಟದ ಗೆಲುವೇ ಆರಾಧನೆಯ ಮಟ್ಟಕ್ಕೇರಿತು.

ಇದಕ್ಕಿಂತ ಆಳವಾದ ಉತ್ತರ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ದೊರೆಯಿತು. ಧರ್ಮಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಅವರು 1891ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದನ್ನು ರೂಪಿಸುವಾಗ, ಚೆಂಡು ಹಿಡಿದವನು ಓಡಕೂಡದೆಂದು ನಿಯಮ ಮಾಡಿದರು. ಓಡದವನನ್ನು ಹಿಡಿದು ಕೆಡವುವ ಅಗತ್ಯವೇ ಬೀಳುವುದಿಲ್ಲ. ಗುರಿಯ ಬುಟ್ಟಿಯನ್ನು ಹತ್ತು ಅಡಿ ಎತ್ತರದಲ್ಲಿ ಬಾಯಿ ಮೇಲಾಗಿ ಕಟ್ಟಿಸಿದ್ದರಿಂದ ರಭಸದ ಎಸೆತಕ್ಕಿಂತ ಮೆದುವಾಗಿ ತೂಗಿ ಎಸೆಯುವ ಕೈಗೆ ಬೆಲೆ ಬಂತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ಸ್ಪರ್ಧೆಯ ಕಾವು ಹಾಗೆಯೇ ಉಳಿದು, ಎದುರಾಳಿಯ ಮೈಮೇಲೆ ಬೀಳುವ ಕಾರಣ ಮಾತ್ರ ಇಲ್ಲವಾಯಿತು. ವಿಶ್ವಾಸವು ಆಟದ ಆರಂಭದ ಪ್ರಾರ್ಥನೆಯಲ್ಲಿ ನಿಲ್ಲದೆ ಆಟದ ನಿಯಮದೊಳಗೇ ಇಳಿದ ನಿದರ್ಶನವಿದು.

ಅಮೆರಿಕದಲ್ಲೇ ಇತ್ತೀಚಿನ ವಾದ ಪ್ರಾರ್ಥನೆಯ ಸುತ್ತ ಬೆಳೆದಿದೆ. ಸರ್ಕಾರಿ ಪ್ರೌಢಶಾಲೆಯೊಂದರ ಫುಟ್‌ಬಾಲ್ ಸಹಾಯಕ ತರಬೇತುದಾರರು ಪಂದ್ಯ ಮುಗಿದ ಮೇಲೆ ಬಯಲಿನ ನಡುವೆ ಮೊಣಕಾಲೂರಿ ಪ್ರಾರ್ಥಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿದರೂ, ತಂಡದಲ್ಲಿ ತನ್ನ ಸ್ಥಾನವನ್ನು ನಿರ್ಧರಿಸುವವರ ಪಕ್ಕದಲ್ಲಿ ಮೊಣಕಾಲೂರುವ ಹುಡುಗನು ಭಕ್ತಿಯಿಂದ ಹಾಗೆ ಮಾಡುತ್ತಾನೋ ಅಂಜಿಕೆಯಿಂದಲೋ ಎಂಬುದು ಯಾವ ತರಬೇತುದಾರರೂ ತಮ್ಮೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿ ಉಳಿಯುತ್ತದೆ. ಬಲವಂತದ ನೆರಳು ಬಿದ್ದ ಪ್ರಾರ್ಥನೆ ವಿಶ್ವಾಸಕ್ಕೆ ನೆರವಾಗದು.

ಭಾನುವಾರವನ್ನು ದೇವರ ದಿನವೆಂದು ನಂಬಿ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟವನ್ನೇ ಬಿಟ್ಟುಕೊಟ್ಟು, 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಗೆದ್ದ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಅವರ ಹೆಸರು ಈ ಚರ್ಚೆಯಲ್ಲಿ ಸದಾ ಕೇಳಿಬರುತ್ತದೆ. ಅದಕ್ಕಿಂತ ಕಡಿಮೆ ಪ್ರಸಿದ್ಧವಾದದ್ದು ಅವರ ಕೊನೆಯ ವರ್ಷಗಳ ಒಂದು ನಿರ್ಧಾರ. ಚೀನಾದಲ್ಲಿ ಮಿಷನರಿ ಶಿಕ್ಷಕರಾಗಿದ್ದ ಅವರನ್ನು ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ವೇಯ್‌ಶ್ಯೆನ್ ಬಂಧನ ಶಿಬಿರದಲ್ಲಿ ಇರಿಸಿದಾಗ, ಅಲ್ಲಿದ್ದ ಮಿಷನ್ ಶಾಲೆಯ ಮಕ್ಕಳಿಗೆ ಅವರು ಆಟಗಳನ್ನು ಏರ್ಪಡಿಸುತ್ತಿದ್ದರು. ಭಾನುವಾರ ಮಾತ್ರ ಆಟವಿರಲಿಲ್ಲ. ಒಂದು ಭಾನುವಾರ ಮಕ್ಕಳು ತಾವಾಗಿಯೇ ಹಾಕಿ ಆಡಲು ಹೋಗಿ, ತೀರ್ಪುಗಾರರಿಲ್ಲದೆ ಹೊಡೆದಾಟಕ್ಕಿಳಿದರು. ಮುಂದಿನ ಭಾನುವಾರ ಲಿಡೆಲ್ ಅವರೇ ತೀರ್ಪುಗಾರರಾಗಿ ಬಯಲಿಗೆ ಬಂದರು.